ಒಂದು ಹಾಳೆಯಷ್ಟು ದಪ್ಪ

ಮೂರು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಎರಡು ರಿಪೋರ್ಟುಗಳನ್ನು ಊಟದ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಒಂದು ಹಳೇ ವರ್ಷದ್ದು, ಇನ್ನೊಂದು ಹಿಂದಿನ ದಿನ ಕೈಗೆ ಬಂದದ್ದು. ಎರಡರಲ್ಲೂ 'ಕ್ಯಾರೋಟಿಡ್ ಐಎಂಟಿ' ಎಂಬ ಸಾಲು ಇತ್ತು, ಅಂದರೆ ಕೊರಳಿನ ರಕ್ತನಾಳದ ಗೋಡೆಯ ದಪ್ಪ. ಹೋದ ಸಲ 0.82 ಮಿಲಿಮೀಟರ್. ಈ ಸಲ 0.91. ಅದರ ಪಕ್ಕ ಮೇಲ್ಮುಖವಾದ ಕೆಂಪು ಬಾಣ. ಕೆಳಗೆ, ನಿಮ್ಮ ರಕ್ತನಾಳದ ವಯಸ್ಸು 61 ಅಂತ ಬರೆದಿತ್ತು. ಆಗ ನನಗೆ 48.

ನಮ್ಮಪ್ಪ ಹೋಗಿದ್ದು 51ನೇ ವಯಸ್ಸಿಗೆ. ಬೆಳಿಗ್ಗೆ ಹಾಲು ಕರೆದು ತಂದಿಟ್ಟು, ಜಗಲಿ ಮೇಲೆ ಕೂತು, 'ಎದೆ ಹಿಡ್ಕೊಂಡಂಗಾಗ್ತೈತೆ' ಅಂದರು. ಹಾಸನದ ಬಸ್ಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ವರ್ಷ ವರ್ಷ ಚೆಕಪ್ ಮಾಡಿಸುವುದು ಅದಕ್ಕೇ. ಹೆಂಡತಿ ಚಹಾ ತಂದು ಪಕ್ಕದಲ್ಲಿಟ್ಟಳು. ನಾನು 51ರಲ್ಲಿ 48 ಕಳೆಯುತ್ತಾ ಕೂತಿದ್ದೆ.

ನಾನು ಡಾಕ್ಟರ್ ಅಲ್ಲ. ಪೀಣ್ಯದಲ್ಲಿ ಟೂಲ್ ರೂಮಿನವನು. ಮೊದಲು ಗ್ರೈಂಡಿಂಗ್ ಮಷಿನ್ ಮೇಲಿದ್ದೆ, ಈಗ ಇನ್‌ಸ್ಪೆಕ್ಷನ್. ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಕೆಲಸ ಅಳೆಯೋದು. ವರ್ನಿಯರ್‌ನಲ್ಲಿ 0.02 ಮಿಲಿಮೀಟರ್‌ವರೆಗೆ ನೋಡಬಹುದು, ಮೈಕ್ರೋಮೀಟರ್‌ನಲ್ಲಿ 0.01. ಹಾಗಾಗಿ 0.09 ಮಿಲಿಮೀಟರ್ ಅಂದರೆ ಎಷ್ಟು ಅಂತ ನನ್ನ ಬೆರಳಿಗೇ ಗೊತ್ತು. ಜೆರಾಕ್ಸ್ ಹಾಳೆಯೊಂದನ್ನು ಮೈಕ್ರೋಮೀಟರ್‌ಗೆ ಕೊಟ್ಟರೆ ಹೆಚ್ಚುಕಮ್ಮಿ 0.1 ಬರುತ್ತದೆ. ಒಂದು ವರ್ಷದಲ್ಲಿ ನನ್ನ ಕೊರಳಿನ ನಾಳದ ಗೋಡೆಗೆ ಒಂದು ಹಾಳೆ ಅಂಟಿಕೊಂಡಿದೆ. ರಿಪೋರ್ಟ್ ಹೇಳಿದ್ದು ಅಷ್ಟು.

ಆ ವಾರವೆಲ್ಲ ರಾತ್ರಿ ಕೂತು ಓದಿದೆ.

ಹೃದಯದ ನಾಳಗಳು ಎದೆಗೂಡಿನ ಒಳಗಿವೆ. ಬಡಿತದ ಜೊತೆ ಅವೂ ಕುಣಿಯುತ್ತಿರುತ್ತವೆ. ಹೊರಗಿನಿಂದ ಅಲ್ಟ್ರಾಸೌಂಡ್ ಇಟ್ಟು ಅವುಗಳ ಗೋಡೆ ಅಳೆಯಲು ಆಗುವುದಿಲ್ಲ. ಕೊರಳಿನ ನಾಳ ಹಾಗಲ್ಲ. ಚರ್ಮದ ಕೆಳಗೇ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಜಿಡ್ಡು ಕಟ್ಟುವ ರೋಗ ಒಂದೇ ಕಡೆ ಬರುವಂಥದ್ದಲ್ಲ, ಕೊರಳಿಗೂ ಬರುತ್ತದೆ, ಹೃದಯಕ್ಕೂ ಬರುತ್ತದೆ. ಕೊರಳನ್ನು ನೋಡಿ ಹೃದಯದ ಬಗ್ಗೆ ಅಂದಾಜು ಮಾಡಬಹುದಲ್ವಾ ಅನ್ನೋದು ಮೂಲ ಯೋಚನೆ.

1986ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಪಾವ್ಲೋ ಪಿನ್ಯೋಲಿ ಮತ್ತು ಅವರ ಜೊತೆಗಾರರು ಇದನ್ನು ಅಳೆದು ತೋರಿಸಿದರು. ಅಲ್ಟ್ರಾಸೌಂಡ್‌ನಲ್ಲಿ ನಾಳದ ಗೋಡೆ ಎರಡು ಬಿಳಿ ಗೆರೆಗಳಾಗಿ ಕಾಣುತ್ತದೆ, ನಡುವೆ ಕಪ್ಪು ಸಂದು. ಸತ್ತವರ ದೇಹದಿಂದ ತೆಗೆದ ನಾಳಗಳನ್ನು ಸ್ಕ್ಯಾನ್ ಮಾಡಿ, ಅವನ್ನೇ ಮೈಕ್ರೋಸ್ಕೋಪಿನಲ್ಲಿಟ್ಟು ಅಳೆದು, ಎರಡನ್ನೂ ಹೋಲಿಸಿದರು. ಆ ಎರಡು ಗೆರೆಗಳ ನಡುವಿನ ದೂರ ನಾಳದ ಒಳಪದರ ಮತ್ತು ನಡುಪದರ ಸೇರಿದ ದಪ್ಪಕ್ಕೆ ಹೊಂದುತ್ತಿತ್ತು. ಐಎಂಟಿ ಅಂದರೆ ಅದೇ. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹೊಸ ಗೇಜ್ ಬಂದರೆ ನಾವು ಮಾಡುವುದೂ ಇದನ್ನೇ. ದಪ್ಪ ಗೊತ್ತಿರುವ ಪೀಸ್ ಇಟ್ಟು ಮೊದಲು ಗೇಜನ್ನೇ ಪರೀಕ್ಷಿಸುತ್ತೇವೆ.

ಆಮೇಲೆ ಫಿನ್‌ಲ್ಯಾಂಡಿನ ಕುವೋಪಿಯೋ ಊರಿನ ಕೆಲಸ ಓದಿದೆ. ಆ ದೇಶದ ಪೂರ್ವ ಭಾಗದಲ್ಲಿ ಒಂದು ಕಾಲಕ್ಕೆ ಗಂಡಸರು ಹೃದಯಾಘಾತದಿಂದ ಸಾಯುವುದು ಪ್ರಪಂಚದಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿತ್ತು. ಅಲ್ಲಿ ಯುಕ್ಕಾ ಸಲೋನೆನ್ ಮತ್ತು ರೀಟ್ಟಾ ಸಲೋನೆನ್ ಸಾವಿರಕ್ಕೂ ಹೆಚ್ಚು ನಡುವಯಸ್ಸಿನ ಗಂಡಸರ ಕೊರಳನ್ನು ಸ್ಕ್ಯಾನ್ ಮಾಡಿ, ಮುಂದೆ ಯಾರಿಗೆ ಏನಾಗುತ್ತದೆ ಎಂದು ಕಾದು ನೋಡಿದರು. ಗೋಡೆ 0.1 ಮಿಲಿಮೀಟರ್ ದಪ್ಪವಿದ್ದರೆ ಹೃದಯಾಘಾತದ ಅಪಾಯ ಶೇ 11ರಷ್ಟು ಜಾಸ್ತಿ ಎಂದು 1993ರಲ್ಲಿ ಬರೆದರು. 2007ರಲ್ಲಿ ಎಂಟು ಅಧ್ಯಯನಗಳ 37,197 ಜನರ ಲೆಕ್ಕ ಒಟ್ಟು ಹಾಕಿದಾಗಲೂ ಹತ್ತಿರದ ಉತ್ತರವೇ ಬಂತು. 0.1 ಮಿಲಿಮೀಟರ್ ವ್ಯತ್ಯಾಸಕ್ಕೆ ಹೃದಯಾಘಾತ ಶೇ 10ರಿಂದ 15, ಪಾರ್ಶ್ವವಾಯು ಶೇ 13ರಿಂದ 18 ಹೆಚ್ಚು. ನಮ್ಮ ಪಕ್ಕದ ಚೆನ್ನೈನಲ್ಲಿ ನಡೆದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಶುಗರ್ ಇದ್ದವರ ಸರಾಸರಿ ದಪ್ಪ 0.95, ಇಲ್ಲದವರದ್ದು 0.74.

ಓದಿದಷ್ಟೂ ಹೆದರಿಕೆ ಜಾಸ್ತಿ ಆಯಿತು. ನನಗೆ ಒಂದೇ ವರ್ಷದಲ್ಲಿ 0.09 ಏರಿದೆಯಲ್ಲ!

ನಮ್ಮ ಚಿಕ್ಕಮ್ಮನ ಮಗಳು ಹಾಸನದಲ್ಲಿ ಸ್ಕ್ಯಾನಿಂಗ್ ಡಾಕ್ಟರ್. ಅವಳಿಗೆ ಫೋನ್ ಮಾಡಿ ಎರಡೂ ನಂಬರ್ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಅಣ್ಣ, ಫೋನಲ್ಲಿ ಹೇಳಿದ್ರೆ ನಿಂಗೆ ಸಮಾಧಾನ ಆಗಲ್ಲ. ಶನಿವಾರ ಬಾ, ಮಷಿನ್ ಮೇಲೇ ತೋರಿಸ್ತೀನಿ' ಅಂದಳು.

ಶನಿವಾರ ಮಧ್ಯಾಹ್ನ ಅವಳ ಪೇಷಂಟ್‌ಗಳೆಲ್ಲ ಮುಗಿದ ಮೇಲೆ ನನ್ನನ್ನು ಮಲಗಿಸಿದಳು. ಹೆಗಲಿನ ಕೆಳಗೆ ಒಂದು ದಿಂಬು. ಮುಖ ಎಡಕ್ಕೆ ತಿರುಗಿಸು ಅಂದಳು. ಕೊರಳಿಗೆ ತಣ್ಣಗಿನ ಜೆಲ್. ಮಾನಿಟರ್ ನನಗೂ ಕಾಣುವ ಹಾಗೆ ತಿರುಗಿಸಿದಳು. ಬೂದು ಬಣ್ಣದ ನಡುವೆ ಒಂದು ಕಪ್ಪು ಪಟ್ಟಿ ಅಡ್ಡಕ್ಕೆ ಬಂತು. 'ಇದು ರಕ್ತ' ಅಂದಳು. ಅದರ ಕೆಳಗಿನ ಅಂಚಿನಲ್ಲಿ ಎರಡು ತೆಳುವಾದ ಬಿಳಿ ಗೆರೆಗಳು, ರೈಲಿನ ಹಳಿ ಥರ. ಪ್ರತಿ ಬಡಿತಕ್ಕೂ ಪಟ್ಟಿ ಅಗಲವಾಗುತ್ತಿತ್ತು, ಕಿರಿದಾಗುತ್ತಿತ್ತು. ನನ್ನದೇ ನಾಳ ಉಸಿರಾಡುವುದನ್ನು ನೋಡಿದ ಹಾಗಿತ್ತು.

ಚಿತ್ರ ನಿಲ್ಲಿಸಿ, ಎರಡು ಗೆರೆಗಳ ಮೇಲೆ ಒಂದೊಂದು ಚುಕ್ಕಿ ಇಟ್ಟಳು. 0.84. ಕೊರಳ ಮೇಲಿಟ್ಟಿದ್ದ ಸ್ಕ್ಯಾನಿನ ಹಿಡಿಕೆಯನ್ನು, ಅಂದರೆ ಪ್ರೋಬನ್ನು, ಎತ್ತಿ ಮತ್ತೆ ಇಟ್ಟಳು. 0.77. ಪ್ರೋಬನ್ನು ಕೂದಲೆಳೆಯಷ್ಟು ಓರೆ ಮಾಡಿದಳು. 0.88. ಬಡಿತದ ಇನ್ನೊಂದು ಗಳಿಗೆಯಲ್ಲಿ ನಿಲ್ಲಿಸಿದಳು. 0.80.

'ಈಗ ಹೇಳು. ಹತ್ತು ನಿಮಿಷದಲ್ಲಿ ನಿನ್ನ ನಾಳ ದಪ್ಪ ಆಯ್ತಾ, ತೆಳು ಆಯ್ತಾ?'

ನನಗೆ ಮಾತು ಬರಲಿಲ್ಲ. ಇದು ನನ್ನದೇ ಕಸುಬು. ನಮ್ಮಲ್ಲಿ ಇದಕ್ಕೆ ಗೇಜ್ ಆರ್ ಅಂಡ್ ಆರ್ ಅಂತಾರೆ. ಒಂದೇ ಪೀಸನ್ನು ಒಬ್ಬನೇ ಹತ್ತು ಸಲ ಅಳೆದರೆ ಎಷ್ಟು ವ್ಯತ್ಯಾಸ ಬರುತ್ತದೆ, ಬೇರೆಯವನು ಅಳೆದರೆ ಎಷ್ಟು ಬರುತ್ತದೆ ಎಂದು ಮೊದಲು ನೋಡಬೇಕು. ಅಳತೆಯ ಗೊಂದಲ ಟಾಲರೆನ್ಸಿನ, ಅಂದರೆ ಪೀಸಿನ ಅಳತೆಯಲ್ಲಿ ಒಪ್ಪಿಕೊಳ್ಳುವ ಹೆಚ್ಚುಕಮ್ಮಿಯ, ಶೇ 10ರ ಒಳಗಿದ್ದರೆ ಗೇಜ್ ಚೆನ್ನಾಗಿದೆ. ಶೇ 30 ದಾಟಿದರೆ ಅದನ್ನು ಬಳಸಬಾರದು. ಹೊಸ ಹುಡುಗರಿಗೆ ಇದನ್ನು ಕಲಿಸುವವನೇ ನಾನು. ಆ ಎರಡು ರಿಪೋರ್ಟುಗಳನ್ನು ನೋಡುವಾಗ ಮಾತ್ರ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಪ್ಪನ ನೆನಪು ಅಷ್ಟು ಗಟ್ಟಿಯಾಗಿ ಕೂತಿತ್ತು.

ಆಮೇಲೆ ನಾನೇ ಲೆಕ್ಕ ಹಾಕಿದೆ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಹೋಗುತ್ತದೆ. ಪ್ರೋಬ್ 10 ಮೆಗಾಹರ್ಟ್ಸ್‌ನದ್ದಾದರೆ ಒಂದು ಅಲೆಯ ಉದ್ದ 0.15 ಮಿಲಿಮೀಟರ್. ಅಂದರೆ ನನ್ನನ್ನು ಹೆದರಿಸಿದ 0.09 ಒಂದು ಅಲೆಗಿಂತಲೂ ಚಿಕ್ಕದು. ಒಳ್ಳೆಯ ಸಾಫ್ಟ್‌ವೇರ್ ಒಂದು ಸೆಂಟಿಮೀಟರ್ ಉದ್ದದ ಗೆರೆಯ ಮೇಲೆ ನೂರಾರು ಕಡೆ ಅಳೆದು ಸರಾಸರಿ ತೆಗೆಯುತ್ತದೆ. ಸಂಶೋಧನೆ ಮಾಡುವವರು ಹೃದಯ ಸಡಿಲವಾದ ಗಳಿಗೆಯನ್ನು ಇಸಿಜಿ ನೋಡಿ ಹಿಡಿಯುತ್ತಾರೆ, ನಾಳ ಎರಡಾಗುವ ಕವಲಿಗಿಂತ ಇಂತಿಷ್ಟೇ ಕೆಳಗೆ ಅಂತ ಜಾಗ ಗೊತ್ತು ಮಾಡಿಕೊಂಡು, ಪ್ರೋಬಿನಿಂದ ದೂರದ ಗೋಡೆಯನ್ನೇ ಅಳೆಯುತ್ತಾರೆ. ಆಗ ಗೊಂದಲ ಕಡಿಮೆಯಾಗುತ್ತದೆ. ಹೆಲ್ತ್ ಪ್ಯಾಕೇಜಿನ ಸಾಲಿನಲ್ಲಿ ನಿಂತವನಿಗೆ ಯಾರು ಅಷ್ಟು ಹೊತ್ತು ಕೊಡುತ್ತಾರೆ? ಇನ್ನು ನಾಳದ ಗೋಡೆ ನಿಜವಾಗಿ ದಪ್ಪವಾಗುವುದು ಸರಾಸರಿ ವರ್ಷಕ್ಕೆ 0.01 ಮಿಲಿಮೀಟರ್ ಆಸುಪಾಸು. ನನ್ನ ಮೈಕ್ರೋಮೀಟರಿನ ಒಂದು ಗೀಟು. 0.1ರಷ್ಟು ಅಲ್ಲಾಡುವ ಗೇಜಿನಿಂದ 0.01ರ ಬದಲಾವಣೆಯನ್ನು ವರ್ಷಕ್ಕೊಮ್ಮೆ ಹಿಡಿಯುತ್ತೇನೆ ಅಂದರೆ ನಮ್ಮ ಟೂಲ್ ರೂಮಿನಲ್ಲಿ ಯಾರೂ ಒಪ್ಪುವುದಿಲ್ಲ.

ಹಾಗಾದರೆ ಕುವೋಪಿಯೋದವರು ಹೇಳಿದ್ದು ಸುಳ್ಳಾ? ಅಲ್ಲ. ಸಾವಿರ ಪೀಸ್ ಅಳೆದು ಸರಾಸರಿ ತೆಗೆದರೆ ಒಂದೊಂದರ ಗೊಂದಲ ಪರಸ್ಪರ ಕಳೆದುಹೋಗಿ, ಲಾಟ್, ಅಂದರೆ ಇಡೀ ರಾಶಿ, ಯಾವ ಕಡೆ ವಾಲುತ್ತಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಆ ಸರಾಸರಿಯನ್ನು ಹಿಡಿದು ಕೈಯಲ್ಲಿರುವ ಈ ಒಂದು ಪೀಸ್ ಪಾಸೋ ಫೇಲೋ ಹೇಳಲು ಬರುವುದಿಲ್ಲ. ಎರಡೂ ನಿಜ.

ಸ್ಕ್ಯಾನ್ ಅಷ್ಟಕ್ಕೇ ಮುಗಿಯಲಿಲ್ಲ.

'ನಂಬರ್ ಬಿಡು, ಮೇಲೆ ನೋಡೋಣ' ಅಂತ ಪ್ರೋಬನ್ನು ದವಡೆಯ ಕಡೆ ಸರಿಸಿದಳು. ಕೊರಳಿನ ನಾಳ ಅಲ್ಲಿ ಸ್ವಲ್ಪ ಉಬ್ಬಿ ಎರಡು ಕವಲಾಗುತ್ತದೆ. ಒಂದು ಮಿದುಳಿಗೆ, ಒಂದು ಮುಖಕ್ಕೆ. ಬಲಗಡೆ ಗೆರೆಗಳು ಸ್ವಚ್ಛವಾಗಿದ್ದವು. ಎಡಗಡೆ ಬಂದಾಗ ಅವಳ ಕೈ ನಿಂತಿತು. ಹಳಿಯ ಮೇಲೆ ಒಂದು ಸಣ್ಣ ದಿಬ್ಬ. ಕಪ್ಪು ಪಟ್ಟಿಯೊಳಕ್ಕೆ ಚಾಚಿಕೊಂಡಿತ್ತು. ಅಕ್ಕಿಕಾಳನ್ನು ಗೋಡೆಗೆ ಅಂಟಿಸಿದ ಹಾಗೆ. ಅಳೆದಳು. 1.9 ಮಿಲಿಮೀಟರ್. ಪ್ರೋಬ್ ತೆಗೆದು ಮತ್ತೆ ಇಟ್ಟು ಅಳೆದಳು. 1.9. ಅಡ್ಡಕ್ಕೆ ತಿರುಗಿಸಿ ನೋಡಿದಳು. ದಿಬ್ಬ ಅಲ್ಲೇ ಇತ್ತು.

'ಇದು ನಿನ್ನ ರಿಪೋರ್ಟಲ್ಲಿ ಇದ್ಯಾ?'

ಇರಲಿಲ್ಲ. ಎರಡು ವರ್ಷವೂ ಅವರು ನೆಟ್ಟಗಿನ ಭಾಗವನ್ನು ಮಾತ್ರ ಅಳೆದು ಬಿಟ್ಟಿದ್ದರು.

ಅದನ್ನು ಪ್ಲಾಕ್ ಅಂತಾರೆ. ಗೋಡೆ ಒಂದೇ ಕಡೆ 1.5 ಮಿಲಿಮೀಟರ್ ಮೀರಿ ದಪ್ಪವಾಗಿದ್ದರೆ, ಅಥವಾ ರಕ್ತ ಹರಿಯುವ ಜಾಗಕ್ಕೆ ಅರ್ಧ ಮಿಲಿಮೀಟರ್ ಚಾಚಿಕೊಂಡಿದ್ದರೆ ಅದು ಪ್ಲಾಕ್ ಎಂದು ತಜ್ಞರು ಜರ್ಮನಿಯ ಮನ್‌ಹೈಮ್ ಹೆಸರಿನ ಒಪ್ಪಂದದಲ್ಲಿ ಗೊತ್ತು ಮಾಡಿದ್ದಾರೆ. ಇದಕ್ಕೂ ಸುಮ್ನೆ ದಪ್ಪವಾದ ಗೋಡೆಗೂ ವ್ಯತ್ಯಾಸ ಇದೆ. ನಾಳದ ನಡುಪದರ ಸ್ನಾಯುವಿನದು. ಬಿಪಿ ಜಾಸ್ತಿ ಇದ್ದರೆ, ವಯಸ್ಸಾದರೆ ಅದು ಒತ್ತಡ ತಡೆಯಲು ದಪ್ಪವಾಗುತ್ತದೆ. ಜಿಡ್ಡು ಸೇರಿಕೊಳ್ಳುವುದು ಒಳಪದರದಲ್ಲಿ. ಅಲ್ಟ್ರಾಸೌಂಡ್‌ಗೆ ಈ ಎರಡು ಪದರಗಳನ್ನು ಬಿಡಿಸಿ ಅಳೆಯಲು ಬರುವುದಿಲ್ಲ. 0.82 ಅಂದರೆ ಅದರಲ್ಲಿ ಸ್ನಾಯು ಎಷ್ಟು, ರೋಗ ಎಷ್ಟು ಅಂತ ಯಾರೂ ಹೇಳಲಾರರು. ದಿಬ್ಬ ಕಂಡರೆ ಆ ಅನುಮಾನ ಇಲ್ಲ. ಅದು ರೋಗವೇ.

ಕವಲಿನಲ್ಲೇ ಯಾಕೆ? ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಗ್ರೈಂಡಿಂಗ್ ಮಷಿನ್‌ಗಳಲ್ಲಿ ಕೂಲೆಂಟ್ ಪೈಪು ನೆಟ್ಟಗಿರುವ ಕಡೆ ಯಾವತ್ತೂ ಕಟ್ಟಿಕೊಳ್ಳುವುದಿಲ್ಲ. ಬಾಗಿದ ಕಡೆ, ಅಗಲವಾಗುವ ಕಡೆ, ಹರಿವು ನಿಧಾನವಾಗಿ ಸುಳಿ ತಿರುಗುವ ಮೂಲೆಯಲ್ಲಿ ಕೆಸರು ಕೂರುತ್ತದೆ. ನಾಳ ಪೈಪಿನಂತೆ ಸತ್ತ ವಸ್ತುವಲ್ಲ, ಅದರ ಒಳಮೈಗೆ ಜೀವ ಇದೆ, ರಕ್ತ ಜೋರಾಗಿ ತೀಡಿಕೊಂಡು ಹೋಗುವ ಕಡೆ ಅದು ಆರೋಗ್ಯವಾಗಿರುತ್ತದೆ. ಆದರೂ ಕವಲಿನ ಹೊರಗೋಡೆಗೆ, ಹರಿವು ಮಂದವಾಗುವ ಜಾಗಕ್ಕೇ ಜಿಡ್ಡು ಮೊದಲು ಸೇರುತ್ತದೆ.

ಜೆಲ್ ಒರೆಸಿಕೊಂಡು ಎದ್ದು ಕೂತೆ. ಅವಳು ನನ್ನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡಳು. 'ಇದು ರಕ್ತಕ್ಕೆ ಅಡ್ಡಿ ಮಾಡ್ತಿಲ್ಲ. ಆಪರೇಷನ್ ಗಿಪರೇಷನ್ ಏನೂ ಬೇಡ. ಆದ್ರೆ ಇದೆ ಅನ್ನೋದು ಗೊತ್ತಾಯ್ತಲ್ಲ. ಬಿಪಿ ಎಷ್ಟಿದೆ ಅಣ್ಣ?'

ಹಿಂದಿನ ವರ್ಷ 142/90. ಈ ವರ್ಷ 146/94. ಅದೇ ರಿಪೋರ್ಟಿನ ಮೊದಲ ಪುಟದಲ್ಲೇ ಇತ್ತು. ಎಲ್‌ಡಿಎಲ್ ಕೊಲೆಸ್ಟ್ರಾಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 148. ಅದೂ ಅಲ್ಲೇ ಇತ್ತು. 'ಸ್ವಲ್ಪ ಬಾರ್ಡರ್' ಅಂದುಕೊಂಡು ಪುಟ ತಿರುಗಿಸಿದ್ದೆ. ಬಿಪಿ ಅಂದರೆ ಹಳೇ ವಿಷಯ, ಎಲ್ಲರಿಗೂ ಇರೋದು. ರಕ್ತನಾಳದ ವಯಸ್ಸು ಅಂದರೆ ಹೊಸದು, ಅದಕ್ಕೆ ಕೆಂಪು ಬಾಣ ಬೇರೆ ಇದೆ. ನನ್ನ ಕಣ್ಣು ಹೋದದ್ದು ಅಲ್ಲಿಗೆ. ಎರಡು ವರ್ಷ ಹಾಗೇ ಕಳೆದದ್ದಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಬೆಂಗಳೂರಿಗೆ ಬಂದು ಹೃದಯದ ಡಾಕ್ಟರನ್ನು ಕಂಡೆ. ಅಪ್ಪನ ವಿಷಯ ಕೇಳಿದರು. ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ಬಿಪಿ ನೋಡಿ ಬರೆದುಕೊಂಡು ಬನ್ನಿ ಅಂದರು. ಆಮೇಲೆ ಬಿಪಿಗೆ ಒಂದು ಮಾತ್ರೆ, ಕೊಲೆಸ್ಟ್ರಾಲ್‌ಗೆ ಸ್ಟಾಟಿನ್. 'ಮುಂದಿನ ವರ್ಷ ಮತ್ತೆ ಕೊರಳು ಅಳೆಸಲಾ?' ಎಂದು ಕೇಳಿದೆ. ದಪ್ಪ ಅಳೆಸುವುದರಿಂದ ನಿಮ್ಮ ಔಷಧಿಯಲ್ಲಿ ಏನೂ ಬದಲಾಗುವುದಿಲ್ಲ, ಬಿಪಿ ಮತ್ತು ಎಲ್‌ಡಿಎಲ್ ನೋಡಿಕೊಳ್ಳಿ ಎಂದರು.

ಆಮೇಲೆ ಓದಿದ್ದರಲ್ಲಿ ಎರಡು ವಿಷಯ ಇಲ್ಲಿ ಬರೆಯಲೇಬೇಕು.

2012ರಲ್ಲಿ 14 ಅಧ್ಯಯನಗಳ 45,828 ಜನರ ಮಾಹಿತಿ ಒಟ್ಟು ಹಾಕಿ ಒಂದು ನೇರ ಪ್ರಶ್ನೆ ಕೇಳಿದರು. ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಶುಗರ್, ಸಿಗರೇಟು ಇಷ್ಟು ಹಿಡಿದು ಅಪಾಯದ ಲೆಕ್ಕ ಹಾಕುವ ಪದ್ಧತಿ ಮೊದಲೇ ಇದೆ. ಅದಕ್ಕೆ ಕೊರಳಿನ ನಾಳದ ದಪ್ಪವನ್ನೂ ಸೇರಿಸಿದರೆ ಲೆಕ್ಕ ಎಷ್ಟು ಸುಧಾರಿಸುತ್ತದೆ? ಮುಂದೆ ತೊಂದರೆಯಾದವನೊಬ್ಬ, ಆಗದವನೊಬ್ಬ, ಇಬ್ಬರನ್ನು ತೆಗೆದುಕೊಂಡರೆ ಯಾರಿಗೆ ಹೆಚ್ಚು ಅಪಾಯ ಎಂದು ಹಳೇ ಲೆಕ್ಕ 100ಕ್ಕೆ 75.7 ಸಲ ಸರಿಯಾಗಿ ಹೇಳುತ್ತಿತ್ತು. ದಪ್ಪ ಸೇರಿಸಿದ ಮೇಲೆ 75.9. ಅಷ್ಟೇ. ನಾಳ ದಪ್ಪವಾಗುವುದೂ ಬಿಪಿ, ಶುಗರ್, ವಯಸ್ಸಿನಿಂದಲೇ ಅಲ್ವಾ? ಅವನ್ನು ಆಗಲೇ ಎಣಿಸಿ ಆಗಿದೆ. ಅದೇ ವರ್ಷ ಬಂದ ಇನ್ನೊಂದು ದೊಡ್ಡ ಅಧ್ಯಯನ 36,984 ಜನರನ್ನು ನೋಡಿ, ದಪ್ಪ ಎಷ್ಟು ವೇಗವಾಗಿ ಏರುತ್ತಿದೆ ಎಂಬುದಕ್ಕೂ ಮುಂದಿನ ಹೃದಯಾಘಾತಕ್ಕೂ ಸಂಬಂಧ ಕಾಣಲಿಲ್ಲ ಎಂದಿತು. ನನ್ನ 0.82, 0.91ರ ಕಥೆಗೆ ಅದೇ ಉತ್ತರ. 2010ರಲ್ಲಿ ಮಧ್ಯಮ ಅಪಾಯದವರಿಗೆ ಈ ಅಳತೆ ಮಾಡಬಹುದು ಎಂದಿದ್ದ ಅಮೆರಿಕದ ಹೃದ್ರೋಗ ಸಂಘಗಳು 2013ರಲ್ಲಿ, ದಿನನಿತ್ಯದ ಪರೀಕ್ಷೆಯಾಗಿ ಇದು ಬೇಡ ಎಂದವು.

ಎರಡನೆಯದು ಒಂದು ಔಷಧಿಯ ಕಥೆ. ಎಜೆಟಿಮೈಬ್ ಅಂತ. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಜಾಸ್ತಿ ಇರುವ 720 ಜನರಲ್ಲಿ ಅರ್ಧ ಜನಕ್ಕೆ ಸ್ಟಾಟಿನ್ ಮಾತ್ರ, ಇನ್ನರ್ಧಕ್ಕೆ ಅದರ ಜೊತೆ ಇದನ್ನೂ ಕೊಟ್ಟರು. ಎರಡು ವರ್ಷ ಕೊರಳಿನ ನಾಳ ಅಳೆದರು. ಎಲ್‌ಡಿಎಲ್ ಎರಡೂ ಔಷಧಿ ತಿಂದವರಲ್ಲಿ 141, ಒಂದೇ ತಿಂದವರಲ್ಲಿ 193. ದೊಡ್ಡ ವ್ಯತ್ಯಾಸ. ಆದರೆ ನಾಳದ ದಪ್ಪ ಒಂದು ಗುಂಪಿನಲ್ಲಿ ಸರಾಸರಿ 0.0111 ಮಿಲಿಮೀಟರ್ ಏರಿತು, ಇನ್ನೊಂದರಲ್ಲಿ 0.0058. ಹತ್ತಿರಹತ್ತಿರ 5 ಮೈಕ್ರಾನ್, ಅಂದರೆ 0.005 ಮಿಲಿಮೀಟರ್ ವ್ಯತ್ಯಾಸ, ಅದೂ ಔಷಧಿಗೆ ವಿರುದ್ಧವಾಗಿ. ಲೆಕ್ಕದ ಕಣ್ಣಿಗೆ ಅದು ವ್ಯತ್ಯಾಸವೇ ಅಲ್ಲ. 2008ರಲ್ಲಿ ಇದು ಹೊರಬಂದಾಗ ಔಷಧಿಯಿಂದ ಉಪಯೋಗವೇ ಇಲ್ಲವೇನೋ ಎಂಬ ಅನುಮಾನ ಹಬ್ಬಿತು. ಆಮೇಲೆ 18,144 ರೋಗಿಗಳಲ್ಲಿ, ನಾಳದ ದಪ್ಪ ಬಿಟ್ಟು, ನಿಜವಾಗಿ ಯಾರಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಆಯಿತು ಎಂದೇ ಎಣಿಸಿದರು. 2015ರಲ್ಲಿ ಉತ್ತರ ಬಂತು. ಏಳು ವರ್ಷದಲ್ಲಿ ಸ್ಟಾಟಿನ್ ಮಾತ್ರ ತಿಂದವರಲ್ಲಿ ಶೇ 34.7 ಜನಕ್ಕೆ ತೊಂದರೆಯಾಗಿತ್ತು, ಎರಡೂ ತಿಂದವರಲ್ಲಿ ಶೇ 32.7 ಜನಕ್ಕೆ. ಸಣ್ಣ ಉಪಕಾರ, ಆದರೆ ನಿಜವಾದದ್ದು. ಗೇಜ್ ನೋಡಿ ಪೀಸ್ ತಿರಸ್ಕರಿಸಿದ್ದರೆ ಅದು ಕಳೆದುಹೋಗುತ್ತಿತ್ತು.

ಹಾಗಂತ ಈ ಅಳತೆಯನ್ನು ಬಿಸಾಡುವ ಮನಸ್ಸು ನನಗಿಲ್ಲ. 2020ರಲ್ಲಿ 119 ಪ್ರಯೋಗಗಳ ಲಕ್ಷ ಜನರನ್ನು ಒಟ್ಟಿಗೆ ನೋಡಿದಾಗ, ಚಿಕಿತ್ಸೆಯಿಂದ ಗೋಡೆಯ ಬೆಳವಣಿಗೆ ವರ್ಷಕ್ಕೆ 10 ಮೈಕ್ರಾನ್ ನಿಧಾನವಾದ ಕಡೆ ಅಪಾಯ ಶೇ 9ರಷ್ಟು ಕಡಿಮೆ ಇತ್ತು. ಲಾಟ್ ನೋಡುವವರಿಗೆ ಇದು ಒಳ್ಳೆಯ ಗೇಜ್. ನನ್ನ ಜಗಳ ಇರುವುದು ಅದನ್ನು ಒಬ್ಬನ ಮುಂದಿಟ್ಟು, ಕೆಂಪು ಬಾಣ ಹಾಕಿ, ನಿನ್ನ ವಯಸ್ಸು 61 ಎನ್ನುವ ಪದ್ಧತಿಯ ಜೊತೆ. ಅದೇ ಮಷಿನ್, ಅದೇ ಜೆಲ್, ಇನ್ನೆರಡು ನಿಮಿಷ ಕವಲಿನವರೆಗೆ ಪ್ರೋಬ್ ಸರಿಸಿ ದಿಬ್ಬ ಇದೆಯಾ ಇಲ್ವಾ ಎಂದು ಹೇಳಿದ್ದರೆ ನನಗೆ ಒಂದು ವರ್ಷ ಮೊದಲೇ ಗೊತ್ತಾಗುತ್ತಿತ್ತು.

ಈಗ ನನಗೆ 51. ಸ್ಟಾಟಿನ್ ತಪ್ಪಿಸುವುದಿಲ್ಲ. ಎಲ್‌ಡಿಎಲ್ 72ಕ್ಕೆ ಬಂದಿದೆ. ಉಪ್ಪಿನಕಾಯಿ ತಟ್ಟೆಯ ಮೂಲೆಗೆ ಬೆರಳ ತುದಿಯಷ್ಟು ಮಾತ್ರ. ಪ್ರತಿ ಭಾನುವಾರ ಹೆಂಡತಿ ಬಿಪಿ ನೋಡಿ ಕ್ಯಾಲೆಂಡರಿನ ಆ ದಿನದ ಚೌಕದೊಳಗೆ ಬರೆಯುತ್ತಾಳೆ.

ಹೋದ ತಿಂಗಳು ಅಪ್ಪನ ವರ್ಷದ ಕಾರ್ಯಕ್ಕೆ ಊರಿಗೆ ಹೋದಾಗ ಬಿಪಿ ಮಷಿನ್ ಜೊತೆಗೇ ಒಯ್ದಿದ್ದೆ. ತಮ್ಮನಿಗೆ 44. ಯಾವತ್ತೂ ಚೆಕಪ್ ಮಾಡಿಸಿದವನಲ್ಲ. ಊಟ ಆದ ಮೇಲೆ ಅದೇ ಜಗಲಿ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದೆ. 152/96 ಬಂತು. ಅವನು ನನ್ನ ಮುಖ ನೋಡಿದ.

'ಈಗಷ್ಟೇ ಓಡಾಡಿ ಬಂದಿದ್ದೀಯ. ಸುಮ್ನೆ ಕೂತ್ಕೋ. ಐದು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡೋಣ' ಅಂದೆ.

ಅಪ್ಪ ಕೂರುತ್ತಿದ್ದ ಕಂಬಕ್ಕೆ ಒರಗಿ ಇಬ್ಬರೂ ಮಾತಾಡದೆ ಕೂತೆವು. ಐದು ನಿಮಿಷ ಆದ ಮೇಲೆ ಅವನೇ ತೋಳು ಚಾಚಿದ.